ಆಲೂಗಡ್ಡೆಯ ಪಾಠ

2024ರ ಏಪ್ರಿಲ್‌ನ ಒಂದು ಮುಂಜಾನೆ ಕಾಫಿಯ ಲೋಟ ನನ್ನ ಬಲಗೈಯಿಂದ ಜಾರಿತು. ಹೆಂಡತಿಯನ್ನು ಕೂಗಲು ಹೋದರೆ ಹೆಸರೇ ನಾಲಿಗೆಗೆ ಬರಲೊಲ್ಲದು. ಲಕ್ವ ಹೊಡೆದಿದೆಯೆಂದು ಗಾಬರಿಯಿಂದ ಆಸ್ಪತ್ರೆಗೆ ಒಯ್ದರು. ಅಲ್ಲಿ ಮೊದಲು ಬೆರಳು ಚುಚ್ಚಿ ನೋಡಿದರು: ಸಕ್ಕರೆ 640! ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ.

ಸಕ್ಕರೆ ಅಷ್ಟು ಏರಿದಾಗ ರಕ್ತವು ಮಿದುಳಿನ ಜೀವಕೋಶಗಳ ನೀರನ್ನು ಸೆಳೆದುಕೊಳ್ಳುತ್ತದೆ, ಆಗ ಲಕ್ವದಂಥದೇ ಲಕ್ಷಣಗಳು ತೋರಬಹುದು ಎಂದರು ವೈದ್ಯರು. ಸಕ್ಕರೆಯ ದ್ರಾವಣದಲ್ಲಿ ಆಲೂಗಡ್ಡೆಯ ಹೋಳು ಸೊರಗುವುದನ್ನು ತೋರಿಸಿ ನಾನು ಅಭಿಸರಣೆ ಕಲಿಸಿದ್ದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅಂಥ ಮೇಷ್ಟ್ರು, ಹದಿನೈದು ದಿನಗಳ ತೀರದ ಬಾಯಾರಿಕೆಯನ್ನು ಸೆಕೆಯೆಂದೂ, ರಾತ್ರಿ ನಾಲ್ಕು ಸಲ ಏಳುವುದನ್ನು ವಯಸ್ಸೆಂದೂ ತಳ್ಳಿಹಾಕಿದ್ದೆ!

ಸಲೈನ್, ಇನ್ಸುಲಿನ್ ಕೊಟ್ಟ ಮೇಲೆ ಎರಡನೆಯ ದಿನ ಮಾತು ಮರಳಿತು. ಮೊದಲು ಆಕೆಯ ಹೆಸರನ್ನೇ ಕರೆದೆ. ಆಕೆ ಕಣ್ಣೊರೆಸಿಕೊಂಡು ಕೇಳಿದಳು: “ಮಾತ್ರೆ ಬಿಟ್ಟು ಎಷ್ಟು ದಿನವಾಗಿತ್ತು?”