ಫಿಯಟ್ಟಿಗೆ ಹತ್ತಿದ ಥಂಡಿ

ಹಾವೇರಿ ಸೀಮೆಯ ಚಳಿ ಹೇಳಿಕೊಳ್ಳುವಂಥ ಚಳಿಯೇನಲ್ಲ. ಡಿಸೆಂಬರ್ ಜನವರಿಯ ಬೆಳಗುಗಳಲ್ಲಿ ಅಗಡಿಯ ಹೊಲಗಳ ಮೇಲೆ ಮಂಜು ಇಳಿಯುತ್ತದೆ, ಕಟ್ಟೆಯ ಮೇಲೆ ಕುಳಿತ ಹಿರಿಯರು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ, ಹೊತ್ತು ಮಾರುದ್ದ ಏರಿತೆಂದರೆ ಎಲ್ಲ ಮರೆತುಹೋಗುತ್ತದೆ. ಆದರೂ ಅಲ್ಲಿನ ನಿವೃತ್ತ ಮಾಸ್ತರರೊಬ್ಬರ ಅಂಗಳದಲ್ಲಿ ನಿಂತಿರುವ ಪ್ರೀಮಿಯರ್ ಪದ್ಮಿನಿ ಮಾತ್ರ, ದೀಪಾವಳಿ ಕಳೆದದ್ದೇ ತಡ, ನಸುಕಿನಲ್ಲಿ ಚಾಲೂ ಆಗಲು ಒಲ್ಲೆನೆನ್ನುತ್ತದೆ. ಸೆಲ್ಫ್ ಹೊಡೆದ ಸದ್ದು ನಾಲ್ಕು ಮನೆಯಾಚೆ ಕೇಳುತ್ತದೆ. ಹಾಲು ಹಾಕಲು ಹೊರಟವರು ನಿಂತು, ‘ಯಾಕ್ರೀ ಮಾಸ್ತರ, ಗಾಡಿಗೂ ಥಂಡಿ ಹತ್ತಿತೇನ್ರಿ?’ ಎಂದು ಕೇಳಿ, ಕೈಲಿದ್ದ ಕ್ಯಾನು ಕೆಳಗಿಟ್ಟು ಧಕ್ಕಾ ಕೊಡಲು ಬರುತ್ತಾರೆ.

ಪದ್ಮಿನಿ ಎಂಬುದು ಕಾಗದದ ಮೇಲಿನ ಹೆಸರು. ಊರವರ ಬಾಯಲ್ಲಿ ಅದು ಫಿಯಟ್ಟೇ. ಇಟಲಿಯ ಫಿಯಟ್ 1100ರ ಅಚ್ಚನ್ನೇ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಎರಕ ಹೊಯ್ಯುತ್ತಿತ್ತು. 1089 ಸಿಸಿಯ ಎಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಚೋಕು. ಮಾಸ್ತರರು ಸೆಕೆಂಡ್ ಹ್ಯಾಂಡ್ ಕೊಂಡು ತಂದಾಗ ಓಣಿಗೆಲ್ಲ ಅದೊಂದೇ ಕಾರು. ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವರನ್ನೂ ಹಾವು ಕಚ್ಚಿದವರನ್ನೂ ಹಾವೇರಿಗೆ ಮುಟ್ಟಿಸಿದ ಗಾಡಿ ಅದು. ಈಗ ಓಣಿಯಲ್ಲಿ ಆರೇಳು ಕಾರುಗಳಿವೆ. ಬೆಂಗಳೂರಿನ ಮಗ ಫೋನು ಮಾಡಿದಾಗಲೆಲ್ಲ ‘ಗುಜರಿಗೆ ಹಾಕಿಬಿಡ್ರಿ ಅಪ್ಪಾ’ ಎನ್ನುತ್ತಾನೆ. ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟ ಸುದ್ದಿಯನ್ನು ಆತನೇ ಕಳಿಸಿದ್ದ.

ಕಳೆದ ಚಳಿಗಾಲದಲ್ಲಿ ಮಾತು ತುಸು ಗಂಭೀರವಾಯಿತು. ಮಾಸ್ತರರ ಮಡದಿಗೆ ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆಯ ಆಪರೇಶನ್ನು ಗೊತ್ತಾಗಿತ್ತು. ನಸುಕಿನ ರೈಲಿಗೆ ಹಾವೇರಿ ಸ್ಟೇಶನ್ನು ಮುಟ್ಟಬೇಕು. ಬಾಡಿಗೆ ಗಾಡಿ ಹೇಳಬಹುದಿತ್ತು. ಆದರೆ ಆಕೆ, ‘ಊರ ಮಂದಿನೆಲ್ಲಾ ಒಯ್ದ ಗಾಡಿ ನನ್ನೊಬ್ಬಾಕಿನ್ನ ಒಯ್ಯೂದಿಲ್ಲೇನು?’ ಎಂದುಬಿಟ್ಟರು. ಆಪರೇಶನ್ನಿಗೆ ಎಂಟು ದಿನವಿದೆ ಎನ್ನುವಾಗ ಮಾಸ್ತರರು ಹಾವೇರಿಯ ಹಳೆಯ ಮಿಸ್ತ್ರಿಗೆ ಹೇಳಿಕಳಿಸಿದರು. ಮಿಸ್ತ್ರಿ ಒಂದು ಕಾಲಕ್ಕೆ ಅವರ ಕೈಯಲ್ಲೇ ಕಲಿತು, ಏಳನೆಯ ಇಯತ್ತೆಗೆ ಪಾಟಿ ಬಿಟ್ಟು ಪಾನಾ ಹಿಡಿದವನು.

ಬಂದವನು ಬಾನೆಟ್ ಎತ್ತಲಿಲ್ಲ. ‘ಸರ, ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೀರಿ’ ಎಂದ. ದೀಪ ಎಣ್ಣೆ ತೀರಿದ ಬುಡ್ಡಿಯಂತೆ ಕೆಂಪಗಾಯಿತು. ಬ್ಯಾಟರಿಯ ಶಕ್ತಿಯನ್ನೆಲ್ಲ ಸೆಲ್ಫ್ ಮೋಟರೇ ಕುಡಿದುಬಿಟ್ಟರೆ ಕಿಡಿಗೆ ಉಳಿಯುವುದೇನು? ಚಳಿಯಲ್ಲಿ ಬ್ಯಾಟರಿಯೂ ಸೊರಗುತ್ತದೆ, ಎಣ್ಣೆಯೂ ಗಟ್ಟಿಯಾಗುತ್ತದೆ. ಆದರೆ ಇಲ್ಲಿ ಬ್ಯಾಟರಿಯ ತಪ್ಪು ಅರ್ಧ ಮಾತ್ರ. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥಿಂಗ್ ಪಟ್ಟಿಗೆ ಜಂಗು ಹಿಡಿದಿತ್ತು. ಎಮರಿ ಕಾಗದದಿಂದ ತಿಕ್ಕಿ ಬಿಗಿದ ಮೇಲೆ ಸೆಲ್ಫಿನ ದನಿಯೇ ಬದಲಾಯಿತು. ಹೊಸ ಬ್ಯಾಟರಿಗೆ ಸಾವಿರಗಟ್ಟಲೆ ಸುರಿಯುವ ಮುಂಚೆ ಈ ಪಟ್ಟಿಯನ್ನು ನೋಡುವವರು ಕಡಿಮೆ.

ಆಮೇಲೆ ಡೆಲ್ಕೋ ಮುಚ್ಚಳ ತೆಗೆದ. ಒಳಗೆ ಇಬ್ಬನಿಯ ಪಸೆ. ಒಣಬಟ್ಟೆಯಿಂದ ಒರೆಸಿ, ಸುಟ್ಟು ಕಪ್ಪಾಗಿದ್ದ ಪಾಯಿಂಟನ್ನು ತಿಕ್ಕಿ, ಫೀಲರ್ ಗೇಜಿನಿಂದ ಸಂದು ಸರಿಪಡಿಸಿದ. ಪ್ಲಗ್ಗು ಬಿಚ್ಚಿದರೆ ನಾಲ್ಕಕ್ಕೆ ನಾಲ್ಕೂ ಒಲೆಯ ಮೇಲಿನ ಗಡಿಗೆಯ ತಳದಂತೆ ಮಸಿ ಮೆತ್ತಿಕೊಂಡಿದ್ದವು. ಪೆಟ್ರೋಲು ಅತಿಯಾದ ಗುರುತು. ಮಿಸ್ತ್ರಿ ಮಾಸ್ತರರ ಮುಖ ನೋಡಿದ. ಮಾಸ್ತರರು ಚೋಕಿನ ಗುಂಡಿಯನ್ನು ನೋಡಿದರು.

ಪೆಟ್ರೋಲು ನೀರಾಗಿದ್ದಾಗ ಉರಿಯುವುದಿಲ್ಲ, ಆವಿಯಾದದ್ದಷ್ಟೇ ಉರಿಯುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ತೂಕದ ಲೆಕ್ಕಕ್ಕೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸಾಕು. ತಣ್ಣಗಿದ್ದಾಗ ಪೆಟ್ರೋಲಿನ ಬಹುಪಾಲು ಕೊಳವೆಯ ಗೋಡೆಗೇ ಹನಿಯಾಗಿ ಅಂಟಿಕೊಳ್ಳುವುದರಿಂದ ಹೆಚ್ಚು ಸುರಿಯಬೇಕು. ಚೋಕು ಇರುವುದು ಅದಕ್ಕೇ. ಮಾರುತಿ 800ರಂಥ ಗಾಡಿಗಳಲ್ಲಿ ಅದು ಗಾಳಿಯ ಬಾಯಿ ಮುಚ್ಚುವ ತಗಡು. ಆದರೆ ಸೋಲೆಕ್ಸ್ ಕಾರ್ಬೊರೇಟರಿನ ಹಳೆಯ ನಮೂನೆಗಳಲ್ಲಿ ತಗಡೇ ಇಲ್ಲ. ಚೋಕು ಎಳೆದರೆ ಪಕ್ಕದಲ್ಲೊಂದು ಪ್ರತ್ಯೇಕ ಸಣ್ಣ ದಾರಿ ತೆರೆದು, ಎಂಜಿನ್ನಿನ ಸೆಳೆತಕ್ಕೆ ಪೆಟ್ರೋಲು ಅಲ್ಲಿಂದ ಬರುತ್ತದೆ. ಆಗ ಆಕ್ಸಿಲರೇಟರ್ ಒತ್ತಿದರೆ ಸೆಳೆತವೇ ಮುರಿದುಬೀಳುತ್ತದೆ. ಮಾಸ್ತರರು ಇಷ್ಟು ವರ್ಷ ಮಾಡಿದ್ದು ಅದನ್ನೇ. ಚೋಕು ಎಳೆದು, ಹೊಲಿಗೆ ಮಷೀನು ತುಳಿದಂತೆ ಆಕ್ಸಿಲರೇಟರ್ ತುಳಿಯುವುದು. ಚಾಲೂ ಆದ ಮೇಲೆ ಆರಿಹೋದೀತೆಂಬ ಹೆದರಿಕೆಗೆ ಹಾವೇರಿಯ ತನಕ ಚೋಕು ಬಿಡದಿರುವುದು.

ಹೆದರಿಕೆಗೂ ಕಾರಣವಿತ್ತೆನ್ನಿ. ಚೋಕು ಒಳದೂಡಿದ ಕೂಡಲೇ ಗಾಡಿ ಗೊರಗೊರ ಎಂದು ಆರುತ್ತಿತ್ತು. ಚೋಕು ಇದ್ದರಷ್ಟೇ ನಿಲ್ಲುವ ಎಂಜಿನ್ನು ಪೆಟ್ರೋಲಿಗೆ ಬಾಯಿ ಬಿಡುತ್ತಿದೆ ಎಂದೇ ಅರ್ಥ. ಸ್ಲೋ ಜೆಟ್ಟಿನಲ್ಲಿ ಕಚರಾ ಕೂತಿರಬೇಕು, ಇಲ್ಲವೇ ಬುಡದ ಗ್ಯಾಸ್ಕೆಟ್ಟಿನಲ್ಲಿ ಕಳ್ಳಗಾಳಿ ನುಸುಳುತ್ತಿರಬೇಕು. ಗ್ಯಾಸ್ಕೆಟ್ಟಿನ ಸುತ್ತ ಸಾಬೂನಿನ ನೀರು ಬಿಟ್ಟು ನೋಡಿದ, ಎಂಜಿನ್ನಿನ ದನಿ ಕದಲಲಿಲ್ಲ. ಹಾಗಾದರೆ ಜೆಟ್ಟೇ. ಬಿಚ್ಚಿ ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ತೂತು ಮುಚ್ಚಿಹೋಗಿತ್ತು. ಮಾಸ್ತರರು ಸೂಜಿ ತರಲೇ ಎಂದರು. ‘ಸೂಜಿ ಹಾಕಿದ್ರ ತೂತು ದೊಡ್ಡದಾಗತೈತ್ರಿ, ಆಮ್ಯಾಗ ಜನ್ಮಾಪೂರ್ತಿ ಪೆಟ್ರೋಲ್ ಕುಡೀತೈತಿ’ ಎಂದವನು ಬಾಯಿಂದಲೇ ಊದಿ ತೆಗೆದ.

ಹೊಸ ಪೆಟ್ರೋಲಿನ ರಗಳೆ ಬೇರೆ. 2025ರಿಂದ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತದ್ದು. ಎಥೆನಾಲ್ ಉರಿಯಲು ಗಾಳಿ ಕಡಿಮೆ ಸಾಕು. ಹಳೆಯ ಜೆಟ್ಟುಗಳ ಅಳತೆಗೆ ಮಿಶ್ರಣ ತೆಳ್ಳಗಾಗಿ ಐಡಲಿಂಗ್ ತಪ್ಪುತ್ತದೆ. ತಣ್ಣಗಿದ್ದಾಗ ಅದು ಬೇಗ ಆವಿಯಾಗುವುದೂ ಇಲ್ಲ, ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಮಿಸ್ತ್ರಿ ಐಡಲಿಂಗ್ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದ, ಪೆಟ್ರೋಲ್ ಪೈಪು ಬದಲಿಸಿದ, ಪಂಪಿನ ಡಯಾಫ್ರಾಮ್ ಇನ್ನೊಂದು ವರ್ಷ ಬಂದರೆ ಪುಣ್ಯ ಎಂದ.

ಕೈ ತೊಳೆದು ಚಹಾ ಕುಡಿಯುವಾಗ ಕೇಳಿದ: ‘ಸರ, ಗಾಡಿ ಎಷ್ಟ ದಿನಕ್ಕೊಮ್ಮೆ ತಗೀತೀರಿ?’

‘ಹದಿನೈದ ದಿನಕ್ಕೊಮ್ಮೆ, ಕೆಲವೊಮ್ಮೆ ತಿಂಗಳ ಆಗತೈತಿ. ಎಲ್ಲಿಗಂತ ಹೋಗೂದಪಾ?’

‘ಮತ್ತ ಅದ ನೋಡ್ರಿ. ಇದಕ್ಕ ಥಂಡಿ ಹತ್ತಿಲ್ಲ, ಕುಂತ ಕುಂತ ಜಡ್ಡ ಹಿಡದೈತಿ.’

ಹದಿನೈದು ದಿನ ನಿಂತ ಗಾಡಿಯ ಕಾರ್ಬೊರೇಟರಿನ ಬಟ್ಟಲಲ್ಲಿದ್ದ ಪೆಟ್ರೋಲು ಆರಿ ಹೋಗಿರುತ್ತದೆ, ತಳದಲ್ಲಿ ಉಳಿದ ಜಿಡ್ಡೇ ಜೆಟ್ಟಿಗೆ ಕಚರಾ ಆಗುತ್ತದೆ. ಹಿಂದಿನ ಟ್ಯಾಂಕಿನಿಂದ ಪಂಪು ಪೆಟ್ರೋಲು ಎಳೆದು ತರುವಷ್ಟರಲ್ಲಿ ಬ್ಯಾಟರಿ ಸುಸ್ತು. ಇದೇ ಗಾಡಿ ದಿನಾ ಓಡುತ್ತಿದ್ದ ವರ್ಷಗಳಲ್ಲಿ ಅಗಡಿಯ ಚಳಿ ಇಷ್ಟೇ ಇತ್ತು.

ಆಪರೇಶನ್ನಿನ ದಿನ ನಾಲ್ಕು ಗಂಟೆಗೆ ಮಾಸ್ತರರು ಚೋಕು ಎಳೆದು, ಬಲಗಾಲನ್ನು ಸೀಟಿನ ಕೆಳಗೆ ಸೇರಿಸಿಕೊಂಡು ಕೀಲಿ ತಿರುವಿದರು. ಮೊದಲ ಸಲ ಆಗಲಿಲ್ಲ. ಎರಡನೆಯದಕ್ಕೆ ಹೊತ್ತಿಕೊಂಡಿತು. ಎರಡು ನಿಮಿಷ ಬಿಟ್ಟು ಚೋಕನ್ನು ಅರ್ಧ, ಊರು ದಾಟಿದ ಮೇಲೆ ಪೂರಾ ಒಳದೂಡಿದರು. ಆರಲಿಲ್ಲ. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದ ಆಕೆ, ‘ಇವತ್ತ ಸಪ್ಪಳಾನ ಇಲ್ಲಲ್ರಿ’ ಎಂದರು.

ಸ್ಟೇಶನ್ನಿನಲ್ಲಿ ರೈಲಿಗೆ ಇನ್ನೂ ಅರ್ಧ ತಾಸಿತ್ತು. ಗಾಡಿಯನ್ನು ಅಲ್ಲೇ ಬಿಟ್ಟು ಜೊತೆಗೆ ಹೋಗಬೇಕಾದ ಮಾಸ್ತರರು, ಸಿಗ್ನಲ್ಲು ಬೀಳುವವರೆಗೆ ಎಂಜಿನ್ನು ಬಂದ್ ಮಾಡಲಿಲ್ಲ.