ಇದೂ ಮೀಸಲಾ ಮಾರ್ರೆ?

ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಇದ್ದಾಗ ಓದಿ.

ಹೋದ ವಾರ ಅಕ್ಕನ ಮಗನ ಆಟೋದಲ್ಲಿ ಒಂದು ಮೀಟಿಂಗಿಗೆ ಹೋಗಿದ್ದೆ. ಅವನದ್ದು ಇ-ಆಟೋ. ಹಸಿರು ನಂಬರ್ ಪ್ಲೇಟು, ಹಳದಿ ಅಕ್ಷರ. ಅಕ್ಕನ ಸರ ಅಡವಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ ತೆಗೆದದ್ದು. ಮೀಟಿಂಗ್ ಮುಗಿಸಿ ಕೊಕ್ಕಡಕ್ಕೆ ವಾಪಸು ಹೊರಡುವಾಗ ಚಾರ್ಜ್ ಶೇ. 11 ತೋರಿಸ್ತಾ ಇತ್ತು. ದಾರಿಯಲ್ಲಿ ಸಿಗುವ ಒಂದು ಪೇಟೆಯ ಸಾರ್ವಜನಿಕ ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟ್ ಉಂಟು. ನೆಲಕ್ಕೆ ಹಸಿರು ಬಣ್ಣ ಬಳಿದು, ವಿದ್ಯುತ್ ವಾಹನಗಳಿಗೆ ಮಾತ್ರ ಅಂತ ಬೋರ್ಡು ಹಾಕಿದ್ದಾರೆ. ಇರುವುದು ಎರಡೇ ಜಾಗ. ಎರಡರಲ್ಲೂ ಡೀಸೆಲ್ ಗಾಡಿ ನಿಂತಿತ್ತು.

ಒಂದು ಗಾಡಿಯವರು ಅಲ್ಲೇ ಅಂಗಡಿ ಬದಿಯಲ್ಲಿ ಶರಬತ್ತು ಕುಡೀತಾ ಇದ್ದರು. ಹುಡುಗ ಹೋಗಿ ಮರ್ಯಾದೆಯಲ್ಲೇ ಕೇಳಿದ, "ಅಣ್ಣ, ಗಾಡಿ ಸ್ವಲ್ಪ ತೆಗೀತೀರಾ, ಚಾರ್ಜಿಗೆ ಹಾಕ್ಲಿಕ್ಕೆ ಉಂಟು." "ಐದು ನಿಮಿಷ ಮಾರಾಯ" ಅಂದರು. ಐದು ನಿಮಿಷ ಅರ್ಧ ಗಂಟೆ ಆಯ್ತು. ಕಡೆಗೆ ನಾನು ಹೋದೆ. ಅವರಿಗೆ ನನ್ನ ಪರಿಚಯ ಉಂಟು. ತಾಲೂಕು ಕಚೇರಿ ಎದುರು ಮೈಕ್ ಹಿಡಿದು ನಿಂತದ್ದನ್ನು ನೋಡಿದವರು. ನನ್ನ ಮುಖ ನೋಡಿ, ಬೋರ್ಡು ನೋಡಿ, ಜೋರಾಗಿ ನಗಾಡಿ ಹೇಳಿದರು, "ಓ, ಇದೂ ಮೀಸಲಾ ಮಾರ್ರೆ? ನಿಮಗೆ ಎಲ್ಲಿ ಹೋದ್ರೂ ಅದೇ ಆಗ್ಬೇಕಲ್ಲ!"

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ.

ಗಾಡಿ ತೆಗೆದರು, ಅದು ಬೇರೆ ವಿಷಯ. ಕತ್ತಲಾದ ಮೇಲೆ ಊರಿಗೆ ಬರುವಾಗ ಹುಡುಗ ಮಾತಾಡಲಿಲ್ಲ. ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು ಕಾಡಿನ ರಸ್ತೆಗೆ ತಿರುಗಿದ ಮೇಲೆ ಕೇಳಿದ, "ಮಾಮ, ನೀವ್ಯಾಕೆ ನಗಾಡಿದ್ದು?"

ಉತ್ತರ ಕೊಡ್ಲಿಕ್ಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೇನೆ.

ಮೊದಲು ಈ ಹುಡುಗನಿಗೆ ಸಾರ್ವಜನಿಕ ಜಾಗದಲ್ಲಿ ಚಾರ್ಜಿಂಗ್ ಯಾಕೆ ಬೇಕು ಅಂತ ಹೇಳ್ತೇನೆ. "ಮನೆಯಲ್ಲೇ ಹಾಕ್ಬಹುದಲ್ಲ" ಅಂತ ಕೇಳುವವರು ತುಂಬಾ ಜನ. ಅಂಗಳ ಇದ್ದವರು ಹಾಕ್ಬಹುದು. ನಮ್ಮ ಕಾಲನಿಗೆ ಆಟೋ ಒಳಗೆ ಬರುವುದಿಲ್ಲ. ರಸ್ತೆ ಬದಿಯ ಮರದ ಅಡಿಯಲ್ಲಿ ನಿಲ್ಲಿಸಿ, ಮನೆಯ ಕಿಟಕಿಯಿಂದ ವಯರ್ ಎಳೆದು ಚಾರ್ಜಿಗೆ ಹಾಕ್ತಾನೆ. ನಮ್ಮ ಕಡೆಯ ಮಳೆ ನಿಮಗೆ ಗೊತ್ತುಂಟಲ್ಲ. ಆಟಿ ತಿಂಗಳಲ್ಲಿ ಆ ವಯರ್ ನೀರಲ್ಲೇ ಮಲಗಿರ್ತದೆ. ಅಕ್ಕ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡ್ತಾಳೆ, ಮಕ್ಕಳು ಯಾರಾದ್ರೂ ತುಳಿದಾರು ಅಂತ.

ಇನ್ನು ಕರೆಂಟು ಬಿಲ್ಲು. ಮೂರು ಚಕ್ರದ ಇ-ಆಟೋದ ಬ್ಯಾಟರಿ ಸಾಧಾರಣ 7ರಿಂದ 10 ಯೂನಿಟ್ ಹಿಡೀತದೆ. ದಿನಕ್ಕೆ 9 ಯೂನಿಟ್ ಅಂತ ಹಿಡಿಯಿರಿ, ತಿಂಗಳಿಗೆ 25 ದಿನ ಓಡಿಸಿದರೆ 225 ಯೂನಿಟ್. ಗೃಹಜ್ಯೋತಿ ಇರುವುದು 200 ಯೂನಿಟ್ ತನಕ. ಅದನ್ನು ದಾಟಿದರೆ ಪೂರ್ತಿ ಬಿಲ್ಲು ಕಟ್ಬೇಕು. ಅಂದರೆ ಎರಡು ಬಲ್ಬು, ಒಂದು ಫ್ಯಾನು, ಒಂದು ಮಿಕ್ಸಿ ಇರುವ ಮನೆ ಆಟೋದ ದೆಸೆಯಿಂದ ಯೋಜನೆಯಿಂದಲೇ ಹೊರಗೆ. ಅಂಗಳ ಇದ್ದವನಿಗೆ ಸಾರ್ವಜನಿಕ ಚಾರ್ಜರ್ ಒಂದು ಅನುಕೂಲ. ಅಂಗಳ ಇಲ್ಲದವನಿಗೆ ಅದೇ ಅಂಗಳ.

ಹಾಗಾದ್ರೆ ಇ-ಆಟೋ ಯಾಕೆ ತೆಗೆದದ್ದು ಅಂತ ಕೇಳ್ತೀರಿ. ಡೀಸೆಲ್ ಖರ್ಚು ಇಲ್ಲ. ಪರ್ಮಿಟ್ ತಲೆಬಿಸಿಯೂ ಕಡಿಮೆ, ಬ್ಯಾಟರಿ ಗಾಡಿಗಳಿಗೆ ಕೇಂದ್ರ ಸರ್ಕಾರ 2018ರ ಅಕ್ಟೋಬರಿನಲ್ಲಿ ಪರ್ಮಿಟ್ ವಿನಾಯ್ತಿ ಕೊಟ್ಟಿದೆ. (ಈ ವಿಷಯದಲ್ಲಿ ಹಳೆಯ ಆಟೋದವರಿಗೂ ಇ-ಆಟೋದವರಿಗೂ ಮಂಗಳೂರಿನಲ್ಲಿ ಆದ ಜಗಳ ನೀವು ಪೇಪರಿನಲ್ಲಿ ಓದಿರ್ತೀರಿ. ಎರಡೂ ಕಡೆ ಬಡವರೇ. ಅದನ್ನು ಇನ್ನೊಂದು ದಿನ ಬರೀತೇನೆ.) ಇನ್ನೊಂದು ಕಾರಣ ಅವನು ಹೇಳುವುದಲ್ಲ, ನಾನು ನೋಡಿದ್ದು. ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ಗುಡ್ಡೆಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಅದರ ಫಲ ಇವತ್ತಿಗೂ ಮನೆಮನೆಯಲ್ಲಿ ಮಲಗಿರುವುದು ನಿಮಗೆಲ್ಲ ಗೊತ್ತಿದೆ. ಅಂಥ ಒಂದು ಮನೆಯ ಹುಡುಗಿಯನ್ನು ಇವನು ಬೆಳಿಗ್ಗೆ ಪಾಲನಾ ಕೇಂದ್ರಕ್ಕೆ ಕರ್ಕೊಂಡು ಹೋಗ್ತಾನೆ. ಹಳೆಯ ಆಟೋದ ಶಬ್ದಕ್ಕೆ ಅವಳು ಕಿರುಚ್ತಾ ಇದ್ದಳಂತೆ. ಇದರಲ್ಲಿ ಕಿರುಚುವುದಿಲ್ಲ. ಅವಳ ಅಮ್ಮ ಬೇರೆ ಆಟೋ ಕರೆಯುವುದೇ ಇಲ್ಲ. ರಾತ್ರಿ ಚಾರ್ಜ್ ಆಗದಿದ್ದರೆ ಬೆಳಿಗ್ಗೆ ಆ ಹುಡುಗಿ ಮನೆಯಲ್ಲೇ. ಆ ಪಾರ್ಕಿಂಗಿನ ಐದು ನಿಮಿಷ ಮಾರಾಯಕ್ಕೆ ಇಷ್ಟು ಬೆಲೆ ಉಂಟು.

ಈಗ ನಗೆಯ ವಿಷಯ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಡಿ.ಸಿ. ಮನ್ನಾ ಜಾಗಕ್ಕೆ ಅರ್ಜಿ ಹಾಕಿದ್ದರು. ಹೊರ ಜಿಲ್ಲೆಯ ಗೆಳೆಯರಿಗಾಗಿ ಹೇಳ್ತೇನೆ, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬ್ರಿಟಿಷರ ಕಾಲದಲ್ಲಿ ನಮ್ಮವರಿಗೆಂದೇ ತೆಗೆದಿಟ್ಟ ಭೂಮಿ ಅದು. ಡಿ.ಸಿ. ಅಂದರೆ ಡಿಪ್ರೆಸ್ಡ್ ಕ್ಲಾಸ್. ಡೆಪ್ಯುಟಿ ಕಮಿಷನರರ ಜಾಗ ಅಂತ ತಿಳ್ಕೊಂಡವರೂ ಇದ್ದಾರೆ, ನಮ್ಮಲ್ಲೇ ಇದ್ದಾರೆ. ಜಾಗ ಉಂಟು ಅಂತ ದಾಖಲೆ ಹೇಳ್ತದೆ. ಅಪ್ಪ ನನ್ನನ್ನು ಕರ್ಕೊಂಡು ಹೋಗಿ ತೋರಿಸಿದರು. ಹೋಗಿ ನೋಡಿದರೆ ಗುಡ್ಡೆ ತುಂಬಾ ರಬ್ಬರು. ಗೆರಟೆಯಲ್ಲಿ ಹಾಲು ತೊಟ್ಟಿಕ್ಕುತ್ತಾ ಇತ್ತು. ತೋಟದವರು ಎದುರು ಸಿಕ್ಕಿದರು. ಒಳ್ಳೆಯ ಮನುಷ್ಯ ಅಂತ ಊರಲ್ಲಿ ಹೆಸರು. "ಅದಕ್ಕೆಂತ ಮಾರಾಯ, ಅಳತೆ ಆಗ್ಲಿ, ಬಿಟ್ಟು ಕೊಡುವ" ಅಂದು ನಕ್ಕರು. ಅಪ್ಪನೂ ನಕ್ಕರು, ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡ್ಕೊಂಡು. ಅಳತೆ ಅಪ್ಪ ಸಾಯುವ ತನಕ ಆಗಲಿಲ್ಲ. ಆ ಫೈಲು ಈಗ ನನ್ನ ಹತ್ತಿರ ಉಂಟು.

ಮೊನ್ನೆ ಪಾರ್ಕಿಂಗಿನಲ್ಲಿ ನನ್ನ ಮುಖಕ್ಕೆ ಬಂದದ್ದು ಅಪ್ಪನ ಆ ನಗೆ. ಮೈಕ್ ಹಿಡಿದಾಗ ಬರುವ ಧ್ವನಿ ಮೈಕ್ ಇಲ್ಲದಾಗ ಎಲ್ಲಿಗೆ ಹೋಗ್ತದೋ! ಬೋರ್ಡು ನಮ್ಮ ಪರ ಇತ್ತು. ನೆಲಕ್ಕೆ ಬಣ್ಣ ಬಳಿದಿತ್ತು. ಆದರೂ ನಮ್ಮದೇ ಜಾಗ ಬಿಡಿಸ್ಕೊಳ್ಳಲಿಕ್ಕೆ ನಾವು ಹಲ್ಲು ಬಿಡ್ಬೇಕಾಯ್ತು.

ಮೀಸಲು ಎಂಬ ಶಬ್ದಕ್ಕೆ ನಮ್ಮ ಊರಲ್ಲಿ ಎಷ್ಟೊಂದು ಮರ್ಯಾದೆ ಉಂಟು ಗೊತ್ತುಂಟಾ? ಕಾಯಿಲೆ ಬಿದ್ದಾಗ ದೇವರಿಗೆ ಮೀಸಲು ಇಡ್ತಾರೆ. ಬಟ್ಟೆಯಲ್ಲಿ ಕಟ್ಟಿದ ಮುಡಿಪಿನ ದುಡ್ಡನ್ನು ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ಯಾರೂ ಮುಟ್ಟುವುದಿಲ್ಲ. ವರ್ಗದಾರರ ಜಮೀನಿನ ಸುತ್ತ ನೂರು ಗಜ ಸರ್ಕಾರಿ ಜಾಗ ಕುಮ್ಕಿ ಅಂತ ಉಂಟು. ಸೊಪ್ಪು, ಸೌದೆ ಅವರಿಗೇ. 1964ರ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಈ ಸವಲತ್ತನ್ನು ಇವತ್ತಿಗೂ ಕಾಪಾಡ್ತಾ ಇದೆ. ಅದನ್ನು ಯಾರೂ ಮೀಸಲಾತಿ ಅಂತ ಕರೆಯುವುದಿಲ್ಲ. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾದರಿ ಕಟ್ಟಡ ಉಪವಿಧಿಗೆ ತಿದ್ದುಪಡಿ ಮಾಡಿ, ಪಾರ್ಕಿಂಗಿನಲ್ಲಿ ಶೇ. 20 ವಿದ್ಯುತ್ ವಾಹನಗಳಿಗೆ ಸಿದ್ಧವಾಗಿರಬೇಕು ಅಂತ ಹೇಳಿತು. ಶೇ. 20! ನಮ್ಮ ರಾಜ್ಯದಲ್ಲಿ 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ 15ರಿಂದ 17 ಆದಾಗ ಎಷ್ಟು ಬೊಬ್ಬೆ ಆಯ್ತು ನೆನಪಿಸ್ಕೊಳ್ಳಿ. ಕಾರಿಗೆ ಯಾರೂ ಮೆರಿಟ್ ಕೇಳಲಿಲ್ಲ. ಕೇಳ್ಬೇಕು ಅಂತಲೂ ನಾನು ಹೇಳುವುದಿಲ್ಲ. ಹೊಸದೊಂದು ಬೆಳೀಬೇಕಾದರೆ ಅದಕ್ಕೆ ಜಾಗ ತೆಗೆದಿಡ್ಬೇಕು ಅಂತ ಗಾಡಿಯ ವಿಷಯದಲ್ಲಿ ಎಲ್ಲರಿಗೂ ಅರ್ಥ ಆಗ್ತದೆ, ಅಷ್ಟೇ.

ನನಗೆ ಹೆಚ್ಚು ಕುಟುಕಿದ ವಿಷಯ ಇನ್ನೊಂದು. ಚಾರ್ಜಿಂಗ್ ಬಗ್ಗೆ ಕೇಂದ್ರದ ವಿದ್ಯುತ್ ಸಚಿವಾಲಯ 2022ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಓದಿ. ನಗರಗಳಲ್ಲಿ ಮೂರು ಕಿಲೋಮೀಟರ್ ಚೌಕಕ್ಕೆ ಒಂದು, ಹೆದ್ದಾರಿಯಲ್ಲಿ 25 ಕಿಲೋಮೀಟರಿಗೆ ಒಂದು ಚಾರ್ಜಿಂಗ್ ಸ್ಟೇಷನ್ ಬೇಕು ಅಂತ ಆಗ ಅದರಲ್ಲಿ ಇತ್ತು. ಅದಕ್ಕೆ ಸರ್ಕಾರಿ ಜಾಗ ಕೊಡಬಹುದು, ಚಾರ್ಜಿಗೆ ಬಳಸಿದ ಒಂದು ಯೂನಿಟ್ ಕರೆಂಟಿಗೆ ಒಂದು ರೂಪಾಯಿ ಲೆಕ್ಕದಲ್ಲಿ. ಖಾಸಗಿಯವರಿಗಾದರೆ ಹರಾಜು, ಅದರಲ್ಲೂ ಕನಿಷ್ಠ ದರ ಒಂದು ರೂಪಾಯಿ. ಮನೆ ನಿವೇಶನಕ್ಕೆ ಮೂರು ಸೆಂಟ್ಸ್ ಕೇಳ್ಲಿಕ್ಕೆ ಹೋದಾಗ ನಮಗೆ ಯಾವಾಗಲೂ ಸಿಗುವ ಉತ್ತರ, ಸರ್ಕಾರಿ ಜಾಗ ಎಲ್ಲಿ ಉಂಟು ತೋರಿಸಿ. ಈಗ ತೋರಿಸ್ಬಹುದು!

ಕೊಕ್ಕಡದಲ್ಲಿ ಪಾಯಿಂಟ್ ಹಾಕುವುದಾದರೆ ಎಲ್ಲಿ ಹಾಕ್ತಾರೆ ಅಂತ ಊಹಿಸ್ಲಿಕ್ಕೆ ಕಷ್ಟ ಇಲ್ಲ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಬಂದ ಕಾರುಗಳು ಸೌತಡ್ಕದ ಗಣಪತಿಗೆ ಗಂಟೆ ಕಟ್ಟಿ, ಘಾಟಿ ಹತ್ತುವ ಮೊದಲು ಚಾರ್ಜ್ ಹುಡುಕ್ತಾವೆ. ಅವರಿಗೆ ಬೇಕಾದದ್ದು ದೊಡ್ಡ ಫಾಸ್ಟ್ ಚಾರ್ಜರು. ಅದರ ಗನ್ನು ನಮ್ಮ ಹುಡುಗರ ಆಟೋಗೆ ಕೂರುವುದಿಲ್ಲ. ಆಟೋಗೆ ಬೇಕಾದದ್ದು 16 ಆಂಪಿಯರಿನ ಸಾಧಾರಣ ಪಾಯಿಂಟು, ಮೂರು ನಾಲ್ಕು ಗಂಟೆ ನಿಲ್ಲಿಸ್ಲಿಕ್ಕೆ ಜಾಗ, ಮೇಲೊಂದು ಶೀಟು. ಖರ್ಚೂ ಕಡಿಮೆ. ಖರ್ಚು ಕಡಿಮೆ ಇರುವುದಕ್ಕೆ ಉದ್ಘಾಟನೆಯ ಗೌಜಿ ಇರುವುದಿಲ್ಲ, ಅದೇ ತೊಂದರೆ. ಬಣ್ಣ ಬಳಿಯುವ ದಿನ ಮೊದಲು ಏಳ್ಬೇಕಾದವರು ರಸ್ತೆ ಬದಿಯಲ್ಲಿ ಬುಟ್ಟಿ, ಬಸಳೆ ಇಟ್ಕೊಂಡು ಕೂರುವ ಹೆಂಗಸರು. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಇರುವುದು ನಗರ, ಪಟ್ಟಣಗಳಿಗೆ. ಹಳ್ಳಿ ಪೇಟೆಯಲ್ಲಿ ಅವರನ್ನು ಏಳಿಸ್ಲಿಕ್ಕೆ ಒಂದು ಹಾರ್ನ್ ಸಾಕು.

ಹಾಗಂತ ಚಾರ್ಜಿಂಗ್ ಬೇಡ ಅಂತ ಹೇಳ್ಬೇಕಾ? ನಮ್ಮ ಕೆಲವು ಗೆಳೆಯರು ಇದು ಕಾರಿನವರ ವಿಷಯ, ನಮಗೆಂತಕ್ಕೆ ಅಂತಾರೆ. ನಾನು ಒಪ್ಪುವುದಿಲ್ಲ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ನಮ್ಮವರಿಗೆ ಶಾಲೆ ತೆರೆದವರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದವರು. ದಲಿತರ ಮಕ್ಕಳು ಓದಿ ಕಾರಿನಲ್ಲಿ ಓಡಾಡ್ಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗ್ಬೇಕು ಅಂತ ಆಸೆಪಟ್ಟವರು. ಕಾರು ಅವರಿಗೂ ನಮ್ಮ ವಿಷಯವೇ ಆಗಿತ್ತು. (ಇ-ಆಟೋದಲ್ಲಿ ಹೊಗೆ ಮಾತ್ರ ಇಲ್ಲ. ನಮ್ಮ ಕಾಲನಿ ರಸ್ತೆಯಲ್ಲಿ ಧೂಳು ಧಾರಾಳ ಉಂಟು.)

ಬೋರ್ಡಿನ ಮೇಲೆ ನಂಬಿಕೆ ಇಟ್ಟು ಕೂರುವುದೂ ಬೇಡ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರ್ಬೇಕು ಅಂತ ಎಸ್.ಕೆ. ಬೋಲೆಯವರ ನಿರ್ಣಯ ಮುಂಬೈ ಶಾಸನ ಪರಿಷತ್ತಿನಲ್ಲಿ ಪಾಸಾದದ್ದು 1923ರಲ್ಲಿ. ಮಹಾಡಿನ ಪುರಸಭೆ 1924ರಲ್ಲಿ ತಾನೂ ಒಪ್ಪಿತು. ಕಾಗದದಲ್ಲಿ ಚವದಾರ್ ಕೆರೆ ನಮ್ಮದೂ ಆಯ್ತು. ನೀರು ಮುಟ್ಟಿದ್ದು 1927ರ ಮಾರ್ಚ್ 20ಕ್ಕೆ, ಬಾಬಾಸಾಹೇಬರು ಸಾವಿರಾರು ಜನರನ್ನು ಕರ್ಕೊಂಡು ನಡೆದು ಹೋದಾಗ. ಆಮೇಲೂ ಹೈಕೋರ್ಟಿನ ತೀರ್ಪಿಗೆ 1937 ಆಗ್ಬೇಕಾಯ್ತು.

ಹುಡುಗನ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಡ್ಲಿಕ್ಕೆ ಆಗದೆ ಒಂದು ಅರ್ಜಿ ಬರೆದಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಕೊಡ್ತೇನೆ. ಪೇಟೆಯಲ್ಲಿ ಆಟೋ ಸ್ಟ್ಯಾಂಡಿನ ಹತ್ತಿರ ಸಾಧಾರಣ ಪಾಯಿಂಟು, ಆಟೋ ಮತ್ತು ಸ್ಕೂಟರಿಗೆ. ಕಾರಿನವರು ಆಮೇಲೆ. ಬುಟ್ಟಿ ಇಟ್ಟು ಕೂರುವವರಿಗೆ ಅದೇ ಶೀಟಿನ ಅಡಿಯಲ್ಲಿ ಜಾಗ ಗುರುತು ಮಾಡ್ಬೇಕು, ಅವರ ಜಾಗಕ್ಕೂ ಬಣ್ಣ ಬಳೀಬೇಕು. ಇದಕ್ಕೆ ಪರಿಶಿಷ್ಟರ ನಿಧಿಯಿಂದ ಒಂದು ರೂಪಾಯಿಯೂ ತೆಗೀಬಾರದು. ಎಲ್ಲರ ರಸ್ತೆ, ಎಲ್ಲರ ಸೇತುವೆಗೆ ನಮ್ಮ ಹಣ ಹಾಕಿ, ದಲಿತರೂ ಅದರಲ್ಲಿ ನಡೀತಾರಲ್ಲ ಅಂತ ಲೆಕ್ಕ ತೋರಿಸಿದ 7(ಡಿ) ಸೆಕ್ಷನ್ ಹೋಗಲಿಕ್ಕೆ 2023 ಆಯ್ತು. ಚಾರ್ಜರಿನ ಹೆಸರಲ್ಲಿ ಅದು ವಾಪಸು ಬರುವುದು ಬೇಡ.

ಕಡೆಯ ಬೇಡಿಕೆ ಹುಡುಗನದ್ದು. ಒಂದು ಪಾಯಿಂಟ್ ಅಂಬೇಡ್ಕರ್ ಭವನದ ಅಂಗಳದಲ್ಲೂ ಬೇಕು ಅಂದ. ರಾತ್ರಿ ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಉಂಟು, ಮಳೆಗೆ ಮಾಡು ಉಂಟು, ಅಕ್ಕ ಟಾರ್ಚ್ ಹಿಡ್ಕೊಂಡು ಏಳುವುದು ತಪ್ಪುತ್ತದೆ. ಊರಿನ ಬೇರೆ ಇ-ಆಟೋದವರೂ ಅಲ್ಲಿಗೇ ಬರ್ಲಿ, ಚಾರ್ಜ್ ಆಗುವ ತನಕ ಕೂತು ನಮ್ಮ ಮನೆಯ ಚಾ ಕುಡೀಲಿ. ಆಟೋ ಸ್ಟ್ಯಾಂಡಿನಲ್ಲಿ ಈ ಮಾತು ಬಂದಾಗ ಒಬ್ಬರು ಕೇಳಿದರಂತೆ, "ನಿಮ್ಮ ಕಾಲನಿಗೆ ಯಾರು ಬರ್ತಾರೆ ಮಾರಾಯ?"

ಹುಡುಗ ನಗಾಡದೆ ಹೇಳಿದನಂತೆ, "ಚಾರ್ಜ್ ಖಾಲಿ ಆದ್ರೆ ಬರ್ತಾರೆ."

ಪಟ್ರಮೆ, ನಿಡ್ಲೆ, ನೆಲ್ಯಾಡಿ ಕಡೆ ಇ-ಆಟೋ ಓಡಿಸುವ ನಮ್ಮ ಹುಡುಗರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ, ಅರ್ಜಿಗೆ ಸಹಿ ಬೇಕು. ನಿಮ್ಮ ಗ್ರಾಮದ ಡಿ.ಸಿ. ಮನ್ನಾ ಜಾಗದ ಸರ್ವೆ ನಂಬರ್, ಈಗ ಅಲ್ಲಿ ಏನು ಬೆಳೆದಿದೆ ಎಂಬ ಫೋಟೋ ಇದ್ದರೆ ಅದನ್ನೂ ಕಳಿಸಿ. ಅಪ್ಪನ ಫೈಲನ್ನೂ ಅದೇ ದಿನ ಒಟ್ಟಿಗೆ ತೆಗೆದುಕೊಂಡು ಹೋಗ್ತಾ ಇದ್ದೇನೆ.

ಜೈಭೀಮ್.