ಮಳೆಗಳ ಹೆಸರು ಕಲಿಸಿದ ಊರು

ಉತ್ತರ ಕನ್ನಡ ಎಂದರೆ ಕಡಲು, ಘಟ್ಟ, ಅಡಿಕೆ ತೋಟ ಎಂದೇ ಬಹಳ ಜನರ ಎಣಿಕೆ. ಅದೇ ಜಿಲ್ಲೆಯ ಮುಂಡಗೋಡ ತಾಲ್ಲೂಕಿಗೆ ಬಂದರೆ ನೋಟವೇ ಬೇರೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಹುಬ್ಬಳ್ಳಿಯತ್ತ ಚಾಚಿದ ಬಯಲು, ನಡುವೆ ಭತ್ತ, ಗೋವಿನಜೋಳ, ಹತ್ತಿಯ ಹೊಲಗಳು. 1966ರಿಂದ ಇಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಹೊರಗಿನವರು ಹೆಚ್ಚಾಗಿ ಬರುವುದು ಅವರ ಮಠಗಳನ್ನು ನೋಡಲು. ನನಗೆ ಮಾತ್ರ ಮುಂಡಗೋಡ ಎಂದರೆ ಚಿಗಳ್ಳಿ, ಅಲ್ಲಿನ ಜಲಾಶಯ, ಅಜ್ಜನ ಹೊಲ.

ಬೇಸಿಗೆ ರಜೆಯ ಕೊನೆಯ ವಾರ ಅಜ್ಜ ದಿನಕ್ಕೆ ಹತ್ತು ಸಲ ಆಕಾಶ ನೋಡುತ್ತಿದ್ದರು. ಮೊದಲ ಹದ ಮಳೆ ಬಿದ್ದ ಮರುದಿನವೇ, ‘ರೋಹಿಣಿ ಮಳಿ ಹತ್ತೇತಿ, ಕೂರಿಗಿ ಹೂಡ್ರಿ’ ಎಂದು ಹೊರಟುಬಿಡುತ್ತಿದ್ದರು. ಘಟ್ಟದ ಕಡೆ ಭತ್ತದ ಸಸಿ ಕಿತ್ತು ನಾಟಿ ಮಾಡಿದರೆ, ನಮ್ಮ ಕಡೆ ಕೂರಿಗೆಯಿಂದ ಒಣ ನೆಲಕ್ಕೇ ಭತ್ತ ಬಿತ್ತುವ ರೂಢಿ. ‘ರೋಹಿಣಿ ಮಳೆಯಾದರೆ ಓಣಿಯೆಲ್ಲಾ ಜೋಳ’ ಎಂಬ ಗಾದೆ ನಾನು ಕಲಿತದ್ದು ಬದುವಿನ ಮೇಲೆ ಕುಳಿತು.

ಮಕ್ಕಳೇ, ಇದರಲ್ಲೊಂದು ಸೊಗಸಾದ ಲೆಕ್ಕವಿದೆ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ ಎಂದು ಪಂಚಾಂಗ ಎಣಿಸುತ್ತದೆ. 365 ದಿನಗಳನ್ನು 27ರಿಂದ ಭಾಗಿಸಿ ನೋಡಿ. ಒಂದೊಂದಕ್ಕೆ ಹದಿಮೂರೂವರೆ ದಿನ ಬರುತ್ತದೆ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆಗಿನ ಮಳೆಗೆ ಅದೇ ಹೆಸರು. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, ಜೂನ್ 22ರ ಸುಮಾರಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘ. ಯುಗಾದಿ, ದೀಪಾವಳಿಯ ತಾರೀಖು ವರ್ಷವರ್ಷವೂ ಬದಲಾಗುತ್ತದೆ. ಮಳೆ ನಕ್ಷತ್ರದ ತಾರೀಖು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಹಬ್ಬಕ್ಕೆ ಚಂದ್ರನ ಲೆಕ್ಕ, ಮಳೆಗೆ ಸೂರ್ಯನ ಲೆಕ್ಕ!

ಶಾಲೆಯಲ್ಲಿ ಗುರುಗಳು ನೈಋತ್ಯ ಮಾರುತದ ಪಾಠ ಮಾಡಿದರು. ಮಳೆ ಎಲ್ಲಿಂದ ಬರುತ್ತದೆ ಎಂಬುದು ಅಲ್ಲಿ ತಿಳಿಯಿತು. ಬಂದ ಮಳೆಯಲ್ಲಿ ಯಾವ ಕೆಲಸ ಮಾಡಬೇಕು ಎಂಬುದು ಅಜ್ಜನಿಂದ ತಿಳಿಯಿತು. ಎರಡೂ ಬೇಕಿತ್ತು.

2019ರ ಆಗಸ್ಟ್ ತಿಂಗಳಲ್ಲಿ ರಾಜ್ಯದ ಹಲವು ಜಿಲ್ಲೆಗಳಿಗೆ ನೆರೆ ಬಂತಲ್ಲ, ಆಗ ಚಿಗಳ್ಳಿ ಜಲಾಶಯದ ಒಡ್ಡು ಒಡೆಯಿತು. ನೀರು ಹೊಲಗಳಿಗೆ ನುಗ್ಗಿತು. ಮಣ್ಣಿನ ಒಡ್ಡಿನ ಗುಣವೇ ಹಾಗೆ: ನೀರಿಗೆ ಒಂದು ಸಣ್ಣ ದಾರಿ ಸಿಕ್ಕರೂ ಸಾಕು, ಹರಿಯುವ ನೀರೇ ಮಣ್ಣು ಕೊರೆದು ಅದನ್ನು ಅಗಲ ಮಾಡಿಬಿಡುತ್ತದೆ. ಹೆಚ್ಚಾದ ನೀರು ಹೊರಹೋಗಲು ಹಿರಿಯರು ಕೆರೆಗಳಿಗೆ ಕೋಡಿ ಇಡುತ್ತಿದ್ದುದು ಇದೇ ಕಾರಣಕ್ಕೆ. ಬೆಳೆ ಹೋದರೆ ಮರುವರ್ಷ ಬಿತ್ತಬಹುದು. ಮೇಲ್ಮಣ್ಣು ಕೊಚ್ಚಿಹೋದರೆ ಅದು ಮತ್ತೆ ಕೂಡಲು ಒಂದು ಜೀವಮಾನವೂ ಸಾಲದು.

ಆ ದಿನದ ಮಾತು ಬಂದಾಗ ನಮ್ಮ ಕಾಕಾ ಇಸವಿ, ತಾರೀಖು ಹೇಳುವುದಿಲ್ಲ. ‘ಆಶ್ಲೇಷ ಮಳಿಯಾಗ ಒಡ್ಡು ಹೋತು’ ಎನ್ನುತ್ತಾರೆ. ಮನೆಯ ಚಿಕ್ಕವರಿಗೆ ಅದು ಅರ್ಥವಾಗುವುದಿಲ್ಲ. ಅವರ ಮೊಬೈಲು ನಾಳೆಯ ಮಳೆಯನ್ನು ಹೇಳುತ್ತದೆ, ಅದೂ ಉಪಕಾರವೇ. ಆದರೆ ಮಳೆಯ ಹೆಸರು ತಿಳಿಯದಿದ್ದರೆ ಕಾಕಾ ಅವರ ನೆನಪೂ ಅವರಿಗೆ ದಕ್ಕುವುದಿಲ್ಲ. ಹೆಸರು ಮರೆತರೆ ಅದರ ಜೊತೆಗಿದ್ದ ಸಂಗತಿಗಳೂ ಮರೆತುಹೋಗುತ್ತವೆ.

ಅಜ್ಜ ಅಜ್ಜಿಯರೇ, ಈ ಸಲ ರೋಹಿಣಿ ಹುಟ್ಟಿದ ದಿನ ಮೊಮ್ಮಕ್ಕಳನ್ನು ಕರೆದು ಆ ಹೆಸರು ಹೇಳಿ. ಮಕ್ಕಳೇ, ತಳದಿಂದ ಬಾಯಿವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಅಂಗಳದಲ್ಲಿಡಿ. ಬೆಳಿಗ್ಗೆ ಸ್ಕೇಲಿನಿಂದ ನೀರು ಅಳೆಯಿರಿ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು, ಒಂದು ಎಕರೆಗೆ 4,000 ಲೀಟರಿಗೂ ಹೆಚ್ಚು! ಅದನ್ನು ನೋಟುಬುಕ್ಕಿನಲ್ಲಿ ಬರೆಯಿರಿ. ತಾರೀಖಿನ ಪಕ್ಕದಲ್ಲಿ ಮಳೆಯ ಹೆಸರೂ ಇರಲಿ.